ಇಂಜಿನ್ ಕವರ್‌ಗೆ ರಿಂಕಲ್ ಸ್ಪ್ರೇನಾ, ಪೌಡರ್ ಕೋಟಿಂಗಾ?

ಕ್ಲಚ್ ಕವರ್‌ಗೆ ಸುಕ್ಕು ಸುಕ್ಕಾದ ಕಪ್ಪು ಫಿನಿಶ್ ಬೇಕು ಅಂದಿರಲ್ವಾ, ಕ್ಯಾನ್‌ನಿಂದ ಹೊಡೆಯುವ ರಿಂಕಲ್ ಸ್ಪ್ರೇ, ಪುಡಿ ಬಣ್ಣ ಹಾಕಿ ಬಿಸಿಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್, ನಾನು ಎರಡನ್ನೂ ಮಾಡಿ ನೋಡಿದ್ದೇನೆ.

ಒಂದೆರಡು ಕವರ್ ಅಷ್ಟೇ ಆದರೆ ಸ್ಪ್ರೇ ಅಗ್ಗ. ಒಂದು ಕ್ಯಾನ್ ಸಾಕು, ಮನೆಯಲ್ಲೇ ಮುಗಿಯುತ್ತದೆ.

ಸಮನಾಗಿ ಬರಬೇಕು ಅಂದರೆ ಮಾತ್ರ ಸ್ಪ್ರೇಗೆ ತಾಳ್ಮೆ ಜಾಸ್ತಿ ಬೇಕು. ಮೇಲಿನ ಪದರ ಬೇಗ ಒಣಗಿ ಕೆಳಗಿನದು ಹಸಿಯಾಗಿರುವಾಗ ಸುಕ್ಕು ಮೂಡುತ್ತದೆ, ಹಾಗಾಗಿ ಬಣ್ಣದ ದಪ್ಪ ಎಲ್ಲಾ ಕಡೆ ಒಂದೇ ಥರ ಇರಬೇಕು. ಮೊದಲ ಕೋಟ್ ಅಡ್ಡಡ್ಡ, 5 ನಿಮಿಷ ಬಿಟ್ಟು ಎರಡನೆಯದು ಉದ್ದುದ್ದ, ಮತ್ತೆ 5 ನಿಮಿಷ ಬಿಟ್ಟು ಮೂರನೆಯದು ಓರೆಯಾಗಿ. ಆಮೇಲೆ ಹೀಟ್ ಗನ್ ಆಡಿಸಿದರೆ ನುಣುಪು ಬಣ್ಣ ಕಣ್ಣೆದುರೇ ಮುದುಡುತ್ತದೆ, ನೋಡೋಕೇ ಖುಷಿ! ನನ್ನ ಮೊದಲ ಕವರ್‌ನಲ್ಲಿ ಬೋಲ್ಟ್ ತೂತುಗಳ ಸುತ್ತ ಬಣ್ಣ ತೆಳುವಾಗಿ ಬಿದ್ದು, ಅಲ್ಲಿ ಮಾತ್ರ ನುಣ್ಣಗೇ ಉಳಿಯಿತು.

ಬಾಳಿಕೆಗೆ ಪೌಡರ್ ಕೋಟಿಂಗೇ ಗಟ್ಟಿ, ಕಲ್ಲೇಟು ಚೆನ್ನಾಗಿ ತಡೆಯುತ್ತದೆ. ಆದರೆ ಅದನ್ನು ಸುಮಾರು 200 ಡಿಗ್ರಿಯಲ್ಲಿ ಬೇಯಿಸುತ್ತಾರೆ, ಆಯಿಲ್ ಸೀಲ್, ಬೇರಿಂಗ್ ಎಲ್ಲಾ ಮೊದಲೇ ಬಿಚ್ಚಬೇಕು. ಕಿತ್ತುಬಂದರೆ ಮನೆಯಲ್ಲಿ ಸರಿಮಾಡೋಕೂ ಆಗಲ್ಲ.

ಇಂಜಿನ್ ಪೂರ್ತಿ ಬಿಚ್ಚಿದ್ದು, ಗಾಡಿ ದಿನಾ ಓಡಿಸುವುದಾದರೆ ಪೌಡರ್‌ಗೆ ಕೊಡಿ. ಹಳೇ ಗಾಡಿಯ ಒಂದು ಕವರ್‌ಗಾದರೆ ಸ್ಪ್ರೇ ಸಾಕು. ಎರಡಕ್ಕೂ ಗ್ಯಾಸ್ಕೆಟ್ (ಆಯಿಲ್ ಸೋರದಂತೆ ಕವರ್ ಅಂಚಿಗೆ ಹಾಕುವ ತೆಳು ಪಟ್ಟಿ) ಕೂರುವ ಜಾಗಕ್ಕೆ ಟೇಪ್ ಹಾಕೋದು ಮರೀಬೇಡಿ.