ಸೇಂಟ್ ಮೇರೀಸ್ ದ್ವೀಪ: ಒದ್ದೆ ಕಲ್ಲು ದಾಟಿ ಹೋಗಬೇಡಿ

2022ರ ಏಪ್ರಿಲ್‌ನಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸ ಬಂದಿದ್ದ ಕೇರಳದ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಮೂವರು ನೀರುಪಾಲಾದರು. ಏಪ್ರಿಲ್ ಮಳೆಗಾಲವಲ್ಲ, ಬೋಟು ಓಡುವ ಹಂಗಾಮು. 'ಕಡಲು ಶಾಂತವಾಗಿದೆಯಲ್ಲ' ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಎಲ್ಲರೂ ಯಾವುದನ್ನು ನೋಡಲು ಹೋಗುತ್ತಾರೋ ಅಪಾಯವೂ ಅಲ್ಲೇ ಇದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ, ಬಿರುಕುಬಿಟ್ಟು, ಐದಾರು ಮುಖದ ಕಂಬಗಳಾಗಿ ನಿಂತಿದೆ. ಕಂಬಗಳ ತಲೆ ಚಪ್ಪಟೆ, ಎತ್ತರ ಒಂದೊಂದರದು ಒಂದೊಂದು. ನೋಡಿದರೆ ಕಡಲಿಗಿಳಿಯುವ ಮೆಟ್ಟಿಲೇ. ಆದರೆ ಬದಿಗಳು ನೆಟ್ಟಗಿರುವ ಗೋಡೆ. ಜಾರಿ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಸಿಕ್ಕರೂ ಕಲ್ಲಿಗಂಟಿದ ಚಿಪ್ಪುಗಳು ಅಂಗೈ ಸೀಳುತ್ತವೆ. ಮುಂದಿನ ತೆರೆ ಅದೇ ಕಲ್ಲಿಗೆ ಅಪ್ಪಳಿಸುತ್ತದೆ. ಈಜು ಬಂದರೂ ಅಷ್ಟಕ್ಕಷ್ಟೇ.

ಗುರುತು ಸುಲಭ. ಒಣಗಿದ ಕಲ್ಲು ಬೂದು ಬಣ್ಣ, ಹೆಜ್ಜೆಗೆ ಗರಗರ ಅನ್ನುತ್ತದೆ. ನೀರು ಮುಟ್ಟುವ ಕಡೆ ಕಪ್ಪಗೆ, ಹಸಿರು ಪಾಚಿ ಹತ್ತಿ ಮಿನುಗುತ್ತದೆ. ಆ ಕಪ್ಪು ಪಟ್ಟೆಗಿಂತ ನಾಲ್ಕು ಹೆಜ್ಜೆ ಹಿಂದೆಯೇ ನಿಲ್ಲಿ. ಹತ್ತು ನಿಮಿಷ ಸಣ್ಣ ತೆರೆಗಳೇ ಬಂದು, ಆಮೇಲೆ ಎರಡು ಮೂರು ದೊಡ್ಡವು ಸಾಲಾಗಿ ಬರುವುದು ಕಡಲಿನ ರೂಢಿ. ಸೆಲ್ಫಿ ತೆಗೆಯುವವರ ಬೆನ್ನು ಆಗ ಸಮುದ್ರದ ಕಡೆಗಿರುತ್ತದೆ, ಫಜೀತಿಯೇ ಅದು. ಇಳಿತದ ಹೊತ್ತಿನಲ್ಲಿ ಬಂಡೆಯಿಂದ ಬಂಡೆಗೆ ದಾಟಿ ಹೋದರೆ, ಭರತ ಏರುವಾಗ ಹಿಂದಿನ ದಾರಿ ಮುಳುಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ರಬ್ಬರ್ ಹವಾಯಿ ಚಪ್ಪಲಿ ಬೇಡ. ಹಿಮ್ಮಡಿಗೆ ಪಟ್ಟಿಯಿರುವ, ತಳ ಗೀರುಗೀರಾಗಿರುವ ಸ್ಯಾಂಡಲ್ ಇರಲಿ.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಲೈಫ್‌ಗಾರ್ಡ್‌ನ್ನು ಕೂಗಿ, ಬಿದ್ದವರತ್ತ ಲೈಫ್ ಜಾಕೆಟ್ ಅಥವಾ ಮುಚ್ಚಳ ಬಿಗಿದ ಖಾಲಿ 5 ಲೀಟರ್ ಕ್ಯಾನ್ ಎಸೆಯಿರಿ. 112ಕ್ಕೋ ಕೋಸ್ಟ್ ಗಾರ್ಡ್‌ನ 1554ಕ್ಕೋ ಫೋನ್ ಮಾಡಿ. ಬಿದ್ದವರು ಕಲ್ಲಿನತ್ತ ಕೈ ಬಡಿಯದೆ, ಕಲ್ಲಿನಿಂದ ದೂರ ಸರಿದು ಅಂಗಾತ ತೇಲಬೇಕು. ಮನಸ್ಸು ಒಪ್ಪುವುದಿಲ್ಲ ನಿಜ, ಆದರೆ ತಲೆ ಒಡೆಯುವುದು ಕಲ್ಲಿನ ಬಳಿಯೇ.

ಬೋಟಿನಲ್ಲಿ ಕೊಡುವ ಲೈಫ್ ಜಾಕೆಟ್ಟನ್ನು ಹೆಗಲಿಗೆ ನೇತುಹಾಕಿಕೊಂಡು ಕೂರುವವರೇ ಜಾಸ್ತಿ. ಎಲ್ಲ ಬಕಲ್ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ, ಇನ್ನೊಬ್ಬರಿಂದ ಭುಜದ ಹತ್ತಿರ ಮೇಲಕ್ಕೆತ್ತಿಸಿ ನೋಡಿ. ಅದು ಕಿವಿವರೆಗೆ ಬಂದರೆ ನೀರಿನಲ್ಲಿ ಕಳಚಿಹೋಗುತ್ತದೆ. ಮಕ್ಕಳಿಗೆ ಮಕ್ಕಳ ಅಳತೆಯದನ್ನೇ ಕೇಳಿ ಪಡೆಯಿರಿ. ಫೋಟೋಗಾಗಿ ಎಲ್ಲರೂ ಒಂದೇ ಬದಿಗೆ ಏಳಬೇಡಿ.

ಮಳೆಗಾಲದಲ್ಲಿ ಪ್ರವಾಸಿ ಬೋಟು ನಿಲ್ಲುತ್ತದೆ. ಆಗ ದುಡ್ಡು ಕೊಟ್ಟರೆ ಬರುವ ಬೇರೆ ದೋಣಿ ಸಿಕ್ಕರೂ ಹತ್ತಬೇಡಿ, ಕೂಗಿದರೆ ಬರುವ ಇನ್ನೊಂದು ದೋಣಿ ಸುತ್ತಮುತ್ತ ಇರುವುದಿಲ್ಲ. ಹಂಗಾಮಿನಲ್ಲಾದರೂ ಕೊನೆಯ ಬೋಟು ಎಷ್ಟು ಗಂಟೆಗೆಂದು ಇಳಿಯುವಾಗಲೇ ಕೇಳಿಕೊಳ್ಳಿ. ದ್ವೀಪದಲ್ಲಿ ರಾತ್ರಿ ತಂಗಲು ಬಿಡುವುದಿಲ್ಲ, ಕೊನೇ ಗಳಿಗೆಯ ಓಟದಲ್ಲಿ ಕಾಲು ಜಾರುವುದೂ ಇದೇ ಕಲ್ಲುಗಳ ಮೇಲೆ.