ಕಾರು ನಿಲ್ಲುವ ನೆರಳಿನ ನೆಲಕ್ಕೆ ಯಾವ ಹಸಿರು?

ಬಳ್ಳಾರಿ, ರಾಯಚೂರಿನ ಕಡೆ ಬೇವು, ಹೊಂಗೆಯ ನೆರಳಲ್ಲೇ ಕಾರು ನಿಲ್ಲಿಸುವುದು ರೂಢಿ. ಅಲ್ಲಿ ಗರಿಕೆ ಬೇಡ. ಬಿಸಿಲು ಸಾಲದೆ ನೆಲ ಬೋಳಾಗುತ್ತದೆ.

ಅಗಲ ಎಲೆಯ ಕಾರ್ಪೆಟ್ ಹುಲ್ಲು ನೆರಳಿಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ನೀರು ಜಾಸ್ತಿ ಬೇಕು. ಏಪ್ರಿಲ್-ಮೇನಲ್ಲಿ ನೀರು ತಪ್ಪಿದರೆ ಒಣಗಿತೆಂದೇ ಲೆಕ್ಕ. ನೆಲಕ್ಕಂಟಿ ಹಬ್ಬುವ ನೆಲಹಿಪ್ಪಲಿ ಬರಕ್ಕೆ, ಉಪ್ಪುನೀರಿನ ಬೋರಿಗೆ ಜಗ್ಗುವುದಿಲ್ಲ, ತುಳಿತವನ್ನೂ ತಾಳುತ್ತದೆ. ಅರೆನೆರಳು ಸಾಕು, ಗಾಢ ನೆರಳಲ್ಲಿ ಸೊರಗುತ್ತದೆ. ಹೂವಿಗೆ ಜೇನ್ನೊಣ ಬರುವುದರಿಂದ ಬರಿಗಾಲಲ್ಲಿ ಓಡಾಡುವ ಮಕ್ಕಳಿದ್ದರೆ ಯೋಚಿಸಿ. ಸಪೂರ ಎಲೆಯ, ಹುಲ್ಲಿನಂಥ ಗಿಡ ಮೊಂಡೋ ಹುಲ್ಲು ಗಾಢ ನೆರಳಿಗೆ ಸರಿ, ಆದರೆ ನಿಧಾನ, ದುಬಾರಿ. ಚಕ್ರದ ಜಾಡಿನಲ್ಲಿ ಬೇಡ, ನಡುವಿನ ಪಟ್ಟಿಗೆ ಹಾಕಿ. ಹಳದಿ ಹೂವಿನ ವೆಡೆಲಿಯಾ ಬೇಗ ಹಬ್ಬುತ್ತದೆಂದು ತರಬೇಡಿ, ಪಕ್ಕದ ಹಿತ್ತಲನ್ನೂ ನುಂಗುತ್ತದೆ.

ನಮ್ಮ ಮತ ನೆಲಹಿಪ್ಪಲಿಗೆ, ದಿನಕ್ಕೆ ಮೂರ್ನಾಲ್ಕು ತಾಸು ಬಿಸಿಲು ಬೀಳುವುದಾದರೆ.

ಗಿಡಕ್ಕಿಂತ ಮುಖ್ಯವಾದದ್ದು ತಳ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಮೇಲೆ ಹಾಸಿದ ಬ್ಲಾಕ್‌ಗಳನ್ನು ಎತ್ತಿಹಾಕುತ್ತದೆ. ಹೀಗಾಗಿ 30 ಸೆಂ.ಮೀ. ಅಗೆದು, ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆಯಾದ ಜಿಯೋಟೆಕ್ಸ್‌ಟೈಲ್ ಹಾಸಿ, 18 ಸೆಂ.ಮೀ. ಜಲ್ಲಿ ದಮ್ಮಸು ಮಾಡಿ, 4 ಸೆಂ.ಮೀ. ಮರಳಿನ ಮೇಲೆ 8 ಸೆಂ.ಮೀ. ದಪ್ಪದ ಗ್ರಾಸ್ ಪೇವರ್ (ಹಸಿರು ಬೆಳೆಯಲು ರಂಧ್ರಗಳಿರುವ ಬ್ಲಾಕ್) ಕೂಡಿಸಿ. ಮರದ ದಪ್ಪ ಬೇರು ಕಡಿಯಬೇಡಿ. ರಂಧ್ರಗಳಿಗೆ ಕೆಂಪುಮಣ್ಣು, ಮರಳು, ಗೊಬ್ಬರ 2:2:1 ಬೆರೆಸಿ, ಅಂಚಿಗಿಂತ 2 ಸೆಂ.ಮೀ. ಕೆಳಗೆ ನಿಲ್ಲಿಸಿ, ತುಂಬಿಸಿಬಿಟ್ಟರೆ ಟೈರು ಬುಡವನ್ನೇ ಜಜ್ಜುತ್ತದೆ. ಜೂನ್-ಜುಲೈನಲ್ಲಿ ನೆಟ್ಟು, ಎರಡು ತಿಂಗಳು ಕಾರು ಹೊರಗಿಡಿ. ಬೇವಿನ ಎಲೆ ಉದುರುವ ಕಾಲದಲ್ಲಿ ವಾರಕ್ಕೆರಡು ಸಲ ಗುಡಿಸಿ, ಇಲ್ಲದಿದ್ದರೆ ಕೆಳಗಿನ ಹಸಿರು ಉಸಿರುಗಟ್ಟುತ್ತದೆ.