ಸ್ವಾಪಿನೆಸ್ ಇಳಿಸುವುದೋ, ಝಡ್‌ರ‍್ಯಾಮ್ ಹಾಕುವುದೋ? ನಾನು ಮಾಡಿ ನೋಡಿದ್ದು

ನನ್ನ ಡೆಸ್ಕ್‌ಟಾಪ್‌ನಲ್ಲಿ ಇರುವುದು 8 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್, ಲಿನಕ್ಸ್. ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ಇಟ್ಟುಕೊಂಡು ಗಿಂಪ್‌ನಲ್ಲಿ ಎರಡು ದೊಡ್ಡ ಫೋಟೊ ತೆರೆದರೆ ಮುಗಿಯಿತು, ಮೌಸ್ ಬಾಣ ನಿಂತಲ್ಲೇ ನಿಂತು, ಆಮೇಲೆ ಒಮ್ಮೆಲೇ ಪರದೆಯ ಮೂಲೆಗೆ ಹಾರುತ್ತಿತ್ತು. ಹೊಸ ರ‍್ಯಾಮ್‌ಗೆ ದುಡ್ಡು ಹಾಕುವ ಮೊದಲು ಸೆಟ್ಟಿಂಗ್‌ನಲ್ಲೇ ಏನಾದರೂ ಆಗುತ್ತದೆಯೇ ನೋಡೋಣವೆಂದು ಒಂದೊಂದು ಉಪಾಯವನ್ನೂ ಎರಡೆರಡು ದಿನ ಬಳಸಿದೆ. ಪರೀಕ್ಷೆ ಸರಳ: ಅರ್ಧ ಗಂಟೆ ಮುಟ್ಟದೆ ಬಿಟ್ಟ ವಿಂಡೋಗೆ ಆಲ್ಟ್-ಟ್ಯಾಬ್ ಒತ್ತಿ ಮರಳಿದರೆ ಅದು ಎಷ್ಟು ಬೇಗ ಮಾತು ಕೇಳುತ್ತದೆ? ಪಕ್ಕದ ಟರ್ಮಿನಲ್‌ನಲ್ಲಿ ಮೆಮೊರಿಯ ಲೆಕ್ಕ ತೋರಿಸುವ ವಿಎಂಸ್ಟ್ಯಾಟ್ ಸದಾ ಓಡುತ್ತಿತ್ತು.

ಮೆಮೊರಿ ಸಾಲದಾಗ ಅದರಲ್ಲಿನ ಡೇಟಾವನ್ನು ಡಿಸ್ಕಿಗೆ ಸರಿಸಿಡುವುದೇ ಸ್ವಾಪ್, ಅದರ ಒಂದು ಸೆಟ್ಟಿಂಗ್ ಸ್ವಾಪಿನೆಸ್. ಮೊದಲು ಎಲ್ಲರೂ ಹೇಳುವ ಮದ್ದು: ಸ್ವಾಪಿನೆಸ್ ಅನ್ನು 60ರಿಂದ 10ಕ್ಕೆ ಇಳಿಸುವುದು. '60 ಎಂದರೆ ರ‍್ಯಾಮ್ ಶೇಕಡಾ 40 ತುಂಬುತ್ತಲೇ ಸ್ವಾಪ್ ಶುರು' ಎಂದು ನಾನೂ ನಂಬಿದ್ದೆ. ಅದು ತಪ್ಪು, ಇದು ಶೇಕಡಾ ಲೆಕ್ಕವೇ ಅಲ್ಲ. ಜಾಗ ಸಾಲದೆ ಬಂದಾಗ ಕರ್ನೆಲ್ (ಲಿನಕ್ಸ್‌ನ ತಿರುಳು) ಯಾವುದನ್ನು ಹೊರಹಾಕಬೇಕು, ಪ್ರೋಗ್ರಾಂಗಳ ಡೇಟಾವನ್ನೋ ಫೈಲ್ ಕ್ಯಾಶನ್ನೋ (ಡಿಸ್ಕಿನಿಂದ ಓದಿ ಮೆಮೊರಿಯಲ್ಲಿ ಇಟ್ಟುಕೊಂಡ ಫೈಲ್‌ಗಳ ಪ್ರತಿ), ಎಂಬುದರ ತಕ್ಕಡಿ ಇದು. 100 ಇಟ್ಟರೆ ಎರಡೂ ಸಮ. 10 ಇಟ್ಟರೆ ಕ್ಯಾಶ್ ಕಡೆಗೇ ಕತ್ತಿ.

ಕೆಲಸ ಹಗುರವಿದ್ದಾಗ 10 ಚೆನ್ನಾಗಿಯೇ ಇತ್ತು. ಹಳೆಯ ವಿಂಡೋಗಳು ತಕ್ಷಣ ಎದ್ದವು. ಗಿಂಪ್ ತೆರೆದ ಮೇಲೆ ಮಾತ್ರ 60ಕ್ಕಿಂತ ಕಡೆ. ಇದೇಕೆ ಎಂಬುದು ಸ್ವಾಪ್ ಅನ್ನು ಪೂರ್ತಿ ಆಫ್ ಮಾಡಿ ನೋಡಿದ ದಿನ ಹೊಳೆಯಿತು. ಸ್ವಾಪೇ ಇಲ್ಲ, ಆದರೂ ಡಿಸ್ಕ್ ದೀಪ ಆರಲೇ ಇಲ್ಲ! ಬ್ರೌಸರಿನ ಕೋಡ್, ಲೈಬ್ರರಿಗಳು ಇವೆಲ್ಲ ಡಿಸ್ಕಿನಲ್ಲಿರುವ ಫೈಲ್‌ಗಳೇ. ಸ್ವಾಪ್‌ಗೆ ದಾರಿ ಇಲ್ಲದಾಗ ಕರ್ನೆಲ್ ಅವುಗಳ ಪುಟಗಳನ್ನೇ (ಮೆಮೊರಿಯ ಪುಟ್ಟ ತುಂಡುಗಳನ್ನೇ) ರ‍್ಯಾಮ್‌ನಿಂದ ತೆಗೆದು ಬಿಸಾಡುತ್ತದೆ, ಮರುಕ್ಷಣ ಬೇಕೆಂದು ಮತ್ತೆ ಡಿಸ್ಕಿನಿಂದ ಓದುತ್ತದೆ. ಹೇಗೋ ಜಾಗ ಸಿಗುತ್ತಲೇ ಇರುವುದರಿಂದ ಮೆಮೊರಿ ಮುಗಿದಾಗ ಪ್ರೋಗ್ರಾಂ ನಿಲ್ಲಿಸುವ ಓಓಎಂ ಕಿಲ್ಲರ್ ಕೂಡ ಎದ್ದು ಬರುವುದಿಲ್ಲ. ಹತ್ತು ನಿಮಿಷ ಕಾದು, ಕೊನೆಗೆ ಪವರ್ ಬಟನ್ ಒತ್ತಿ ಹಿಡಿದೆ. ಸ್ವಾಪ್ ತೆಗೆದರೆ ವೇಗ ಎನ್ನುವವರು ತುಂಬಿದ ರ‍್ಯಾಮ್‌ನಲ್ಲಿ ಅದನ್ನು ಒಮ್ಮೆ ಮಾಡಿ ನೋಡಲಿ.

ಝಡ್‌ರ‍್ಯಾಮ್ ದಾರಿ ಬೇರೆ. ರ‍್ಯಾಮ್‌ನೊಳಗೇ ಒಂದು ಸ್ವಾಪ್. ಅಲ್ಲಿಗೆ ಹೋದ ಪುಟ ಡಿಸ್ಕಿಗೆ ಹೋಗುವ ಬದಲು ಕುಗ್ಗಿ ಕೂರುತ್ತದೆ. 2014ರ 3.14 ಕರ್ನೆಲ್‌ನಿಂದಲೇ ಇದು ಮುಖ್ಯ ಶಾಖೆಯಲ್ಲಿದೆ, ಲಿನಕ್ಸ್‌ನ ಒಂದು ಡಿಸ್ಟ್ರೊ (ವಿತರಣೆ) ಆದ ಫೆಡೋರಾ 33ರಿಂದ ಪೂರ್ವನಿಯೋಜಿತವಾಗಿಯೇ ಕೊಡುತ್ತಿದೆ. 4 ಜಿಬಿ ಗಾತ್ರ, ಕುಗ್ಗಿಸುವ ವಿಧಾನ ಝಡ್‌ಎಸ್‌ಟಿಡಿ ಎಂದು ಹೊಂದಿಸಿದೆ. ಇಲ್ಲಿ ಸ್ವಾಪಿನೆಸ್ ಇಳಿಸಬಾರದು, ಏರಿಸಬೇಕು: ಡಿಸ್ಕಿನಿಂದ ಫೈಲ್ ಓದುವುದಕ್ಕಿಂತ ಕುಗ್ಗಿದ ಪುಟ ಬಿಡಿಸುವುದೇ ಅಗ್ಗ. 5.8 ಕರ್ನೆಲ್‌ನಿಂದ 200ರವರೆಗೆ ಏರಿಸಬಹುದು, ನಾನು 150 ಇಟ್ಟೆ. ಪೇಜ್-ಕ್ಲಸ್ಟರ್ ಅನ್ನು 3ರಿಂದ 0ಗೆ ಇಳಿಸಿದೆ. 3 ಇದ್ದರೆ ಒಂದು ಪುಟ ಕೇಳಿದಾಗ ಎಂಟನ್ನು ಎಳೆದು ತರಲು ನೋಡುತ್ತದೆ, ಹಾರ್ಡ್ ಡಿಸ್ಕಿಗೆ ಅದು ಸರಿ, ಇಲ್ಲಿ ದಂಡ.

ಅದೇ ಟ್ಯಾಬ್‌ಗಳು, ಅದೇ ಫೋಟೊಗಳು. ಝಡ್‌ರ‍್ಯಾಮ್‌ಸಿಟಿಎಲ್ ತೋರಿಸಿದ್ದು: ಸುಮಾರು 2 ಜಿಬಿ ಡೇಟಾ 600 ಎಂಬಿಗೆ ಕುಗ್ಗಿತ್ತು. ವಿಎಂಸ್ಟ್ಯಾಟ್‌ನ ಎಸ್‌ಐ, ಎಸ್‌ಒ ಕಾಲಂಗಳಲ್ಲಿ (ಸ್ವಾಪ್‌ನಿಂದ ಒಳಬಂದದ್ದು, ಸ್ವಾಪ್‌ಗೆ ಹೋದದ್ದು) ಅಂಕಿಗಳು ಹಿಂದಿಗಿಂತ ದೊಡ್ಡದಾಗಿ ಓಡುತ್ತಿದ್ದವು, ಬಾಣ ಮಾತ್ರ ನುಣ್ಣಗೆ ಸರಿಯುತ್ತಿತ್ತು. 'ಸ್ವಾಪ್ ಆಗುತ್ತಿದೆ' ಎಂದರೇ ನಿಧಾನ ಎಂಬ ನನ್ನ ಭಯ ಅಲ್ಲಿಗೆ ಹೋಯಿತು. ಪ್ರೊಸೆಸರ್ ಸ್ವಲ್ಪ ಹೆಚ್ಚು ದುಡಿಯುತ್ತದೆ, ನಿಜ. ನನಗದು ತಿಳಿಯಲಿಲ್ಲ.

ಝಡ್‌ಸ್ವಾಪ್ ಇದರ ದಾಯಾದಿ. ಕುಗ್ಗಿಸುವುದು ಇದೂ ರ‍್ಯಾಮ್‌ನಲ್ಲೇ, ಆದರೆ ಹಿಂದೆ ಡಿಸ್ಕ್ ಸ್ವಾಪ್ ಇರುತ್ತದೆ. ಬಹಳ ಹೊತ್ತು ಯಾರೂ ಕೇಳದ ಪುಟವನ್ನು ಅಲ್ಲಿಗೆ ದಾಟಿಸುತ್ತದೆ. ಝಡ್‌ರ‍್ಯಾಮ್ ಜೊತೆಗೆ ಡಿಸ್ಕ್ ಸ್ವಾಪನ್ನೂ ಇಟ್ಟರೆ ಹಳೆಯ, ಸತ್ತ ಪುಟಗಳು ಝಡ್‌ರ‍್ಯಾಮ್‌ನಲ್ಲಿ ಠಿಕಾಣಿ ಹೂಡಿ, ಈಗಷ್ಟೇ ಹೊರಬಿದ್ದವು ಡಿಸ್ಕಿಗೆ ಹೋಗುವ ತಮಾಷೆ ನಡೆಯುತ್ತದೆ. ಆ ಲೆಕ್ಕದಲ್ಲಿ ಝಡ್‌ಸ್ವಾಪ್ ಜಾಣ. ನನ್ನ ಡಿಸ್ಕ್ ತೀರಾ ನಿಧಾನವಾದ್ದರಿಂದ ಆಗಾಗ ಒಂದೆರಡು ಸೆಕೆಂಡ್ ತಡವರಿಸಿತು. ಎಸ್‌ಎಸ್‌ಡಿ ಇದ್ದವರು, ಹೈಬರ್ನೇಟ್ (ಮೆಮೊರಿಯನ್ನು ಡಿಸ್ಕಿನಲ್ಲಿ ಉಳಿಸಿ ಆಫ್ ಆಗುವುದು) ಬೇಕೆನ್ನುವವರು ಇದನ್ನೇ ಹಿಡಿಯಲಿ. ಝಡ್‌ರ‍್ಯಾಮ್‌ಗೆ ಹೈಬರ್ನೇಟ್ ಮಾಡಲಾಗದು. ಎರಡನ್ನೂ ಒಟ್ಟಿಗೆ ಬೇಡ. ಆರ್ಚ್‌ನಂಥ ಡಿಸ್ಟ್ರೊಗಳಲ್ಲಿ ಝಡ್‌ಸ್ವಾಪ್ ಮೊದಲೇ ಆನ್ ಆಗಿರುತ್ತದೆ, ಝಡ್‌ರ‍್ಯಾಮ್ ಹಾಕುವ ಮುನ್ನ ಅದನ್ನು ಆಫ್ ಮಾಡಿ.

ಪೆನ್‌ಡ್ರೈವ್‌ಗೆ ದೊಡ್ಡ ಫೈಲ್ ಹಾಕುವಾಗಿನ ತೊಡಕಿಗೆ ಮಾತ್ರ ಇವ್ಯಾವುವೂ ಮದ್ದಲ್ಲ. ಕಾಪಿ ಕ್ಷಣದಲ್ಲಿ 'ಮುಗಿಯಿತು' ಎನ್ನುತ್ತದೆ, ಅನ್‌ಮೌಂಟ್ ಐದು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಫೈಲ್ ಉಳಿಸಹೊರಟ ಬೇರೆ ಪ್ರೋಗ್ರಾಂ ಕೂಡ ಸಿಕ್ಕಿಬೀಳುತ್ತದೆ. ಬರೆಯಲು ಬಾಕಿ ಇರುವ ಡೇಟಾಗೆ ಲಭ್ಯವಿರುವ ರ‍್ಯಾಮ್‌ನ ಶೇಕಡಾ 20ರವರೆಗೆ ಬಿಟ್ಟುಕೊಡುವ ಡರ್ಟಿ-ರೇಶಿಯೊ ಇದರ ಮೂಲ. ಅದರ ಬದಲು ಡರ್ಟಿ-ಬೈಟ್ಸ್‌ನಲ್ಲಿ 256 ಎಂಬಿ, ಹಿನ್ನೆಲೆಯಲ್ಲಿ ಬರೆಯಲು ಶುರುಮಾಡುವ ಮಿತಿಗೆ 64 ಎಂಬಿ ಕೊಟ್ಟೆ. ಈಗ ಪ್ರಗತಿಪಟ್ಟಿ ನಿಜ ಹೇಳುತ್ತದೆ.

ಫೈಲ್, ಫೋಲ್ಡರ್‌ಗಳ ವಿವರದ ಕ್ಯಾಶನ್ನು ಎಷ್ಟು ಬೇಗ ಬಿಡಬೇಕೆನ್ನುವ ವಿಎಫ್ಎಸ್ ಕ್ಯಾಶ್ ಪ್ರೆಶರ್ 100ರಿಂದ 50ಕ್ಕೆ: ಏನೂ ಗೊತ್ತಾಗಲಿಲ್ಲ. ಗಂಟೆಗೊಮ್ಮೆ ಕ್ಯಾಶ್ ಖಾಲಿ ಮಾಡುವ ಸ್ಕ್ರಿಪ್ಟ್: ಪ್ರಯತ್ನಿಸಲೂ ಹೋಗಬೇಡಿ, ಫ್ರೀ ಆಜ್ಞೆಯ ಅಂಕಿ ಚೆಂದ ಕಾಣುತ್ತದೆ ಅಷ್ಟೇ. ನೋಡಬೇಕಾದ್ದು ಅದರ 'ಅವೈಲಬಲ್' ಕಾಲಂ.

ಸದ್ಯಕ್ಕೆ ಝಡ್‌ರ‍್ಯಾಮ್, ಸ್ವಾಪಿನೆಸ್ 150, ಪೇಜ್-ಕ್ಲಸ್ಟರ್ 0, ಡರ್ಟಿ-ಬೈಟ್ಸ್ ಉಳಿದುಕೊಂಡಿವೆ. ಗಿಂಪ್‌ನಲ್ಲಿ ನಾಲ್ಕನೆಯ ಫೋಟೊ ತೆರೆದರೆ ಈಗಲೂ ಉಸಿರು ಕಟ್ಟುತ್ತದೆ.